ಎರ್ಲೆಂಡುರ್ ಹರಾಲ್ಡ್‌ಸನ್: ಪವಾಡ, ಪುನರ್ಜನ್ಮ, ಸಾವಿನ ಅಂಚು – ಪದೇ ಪದೇ ಕೇಳುವ ಪ್ರಶ್ನೆಗಳು

ಯಾರಿವರು? ನಮಗೂ ಇವರಿಗೂ ಏನು ಸಂಬಂಧ?

ಐಸ್‌ಲ್ಯಾಂಡಿನ ಮನಃಶಾಸ್ತ್ರಜ್ಞ. ಹುಟ್ಟಿದ್ದು 1931ರ ನವೆಂಬರ್ 3ರಂದು, ರಾಜಧಾನಿ ರೇಕ್ಯಾವಿಕ್ ಪಕ್ಕದಲ್ಲಿ. ತೀರಿಕೊಂಡಿದ್ದು 2020ರ ನವೆಂಬರ್‌ನಲ್ಲಿ, 89ನೇ ವಯಸ್ಸಿನಲ್ಲಿ. ಐಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದಿಂದ 1999ರವರೆಗೆ ಮನಃಶಾಸ್ತ್ರ ಕಲಿಸಿದರು. ಸತ್ತವರನ್ನು ಕಂಡೆ ಅನ್ನುವವರು, ಹಿಂದಿನ ಜನ್ಮದ ಮಾತಾಡುವ ಮಕ್ಕಳು, ಗಾಳಿಯಲ್ಲಿ ಕೈ ಆಡಿಸಿ ವಿಭೂತಿ ಕೊಡುವ ಬಾಬಾಗಳು – ಇಂಥವರ ಬಳಿಗೆ ನೋಟ್‌ಬುಕ್ ಹಿಡಿದು ಹೋಗಿ ಪ್ರಶ್ನೆ ಕೇಳುವುದೇ ಅವರ ಜೀವಮಾನದ ಕೆಲಸವಾಯಿತು.

ನಮಗೆ ಅವರು ತೀರಾ ದೂರದವರೇನಲ್ಲ. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರನ್ನು ಕಾಣಲು 1973ರಿಂದ ಸುಮಾರು ಹತ್ತು ವರ್ಷ ಮತ್ತೆ ಮತ್ತೆ ಭಾರತಕ್ಕೆ ಬಂದರು. ಬಾಬಾ ಪುಟ್ಟಪರ್ತಿಯಲ್ಲಿ ಇಲ್ಲದಾಗ ಇರುತ್ತಿದ್ದದ್ದು ನಮ್ಮ ವೈಟ್‌ಫೀಲ್ಡ್ ಹತ್ತಿರ, ಕಾಡುಗೋಡಿಯ ಬೃಂದಾವನ ಆಶ್ರಮದಲ್ಲಿ. ಹಾಗಾಗಿ ಈ ಕಥೆಯಲ್ಲಿ ಬೆಂಗಳೂರು ಪದೇ ಪದೇ ಬರುತ್ತದೆ.

ಮೊದಲಿನಿಂದಲೂ ಇದೇ ಹುಚ್ಚಿತ್ತಾ?

ಹದಿಹರೆಯದಲ್ಲಿ ಅವರಿಗೊಂದು ಅನುಭವವಾಗಿತ್ತು. ಮಳೆ ನಿಂತು ಬಿಸಿಲು ಬಂದಾಗ ಸುತ್ತಲಿನ ಕಲ್ಲುಗಳೆಲ್ಲ ಹೊಳೆದವು, ಆ ಬೆಳಕು ತನ್ನೊಳಗೂ ತುಂಬಿಕೊಂಡಂತೆ ಆಯಿತು ಅಂತ ಮುಂದೆ ಬರೆದುಕೊಂಡಿದ್ದಾರೆ. ಆದರೆ ನೇರವಾಗಿ ಮನಃಶಾಸ್ತ್ರಕ್ಕೆ ಬಂದವರಲ್ಲ. ಮೊದಲು ತತ್ವಶಾಸ್ತ್ರ ಓದಿದರು, ಆಮೇಲೆ ಪತ್ರಕರ್ತರಾದರು. 1960ರ ದಶಕದ ಶುರುವಿನಲ್ಲಿ ಇರಾಕ್ ಸರ್ಕಾರದ ವಿರುದ್ಧ ಕುರ್ದರು ಬಂಡೆದ್ದಿದ್ದಾಗ ಕಳ್ಳದಾರಿಯಲ್ಲಿ ಕುರ್ದಿಸ್ತಾನಕ್ಕೆ ನುಗ್ಗಿ, ಬಂಡಾಯಗಾರರ ಜೊತೆಗಿದ್ದು ಬಂದು ಪುಸ್ತಕ ಬರೆದರು. ಅಪರಿಚಿತರ ಮನೆಯಲ್ಲಿ ಕೂತು, ದುಭಾಷಿ ಇಟ್ಟುಕೊಂಡು, ಒಂದೇ ವಿಷಯವನ್ನು ಮೂರು ಜನರ ಹತ್ತಿರ ಬೇರೆ ಬೇರೆಯಾಗಿ ಕೇಳುವ ಚಾಳಿ ಅಲ್ಲಿಂದಲೇ ಬಂದಿರಬೇಕು ಅಂತ ನನಗನ್ನಿಸುತ್ತದೆ. ಮುಂದೆ ಅವರು ಮಾಡಿದ್ದೆಲ್ಲ ಒಂಥರಾ ವರದಿಗಾರನ ಕೆಲಸವೇ.

ಮನಃಶಾಸ್ತ್ರದ ಡಿಗ್ರಿ ಪಡೆದದ್ದು ಜರ್ಮನಿಯಲ್ಲಿ. ಫ್ರೈಬುರ್ಗ್‌ನ ಪ್ರೊಫೆಸರ್ ಹಾನ್ಸ್ ಬೆಂಡರ್ ಕೈಕೆಳಗೆ 1972ರಲ್ಲಿ ಪಿಎಚ್‌ಡಿ ಮುಗಿಸಿದರು. ನಡುವೆ ಅಮೆರಿಕಕ್ಕೂ ಹೋಗಿ ಬಂದರು. ಒಬ್ಬರ ಮನಸ್ಸಿನಲ್ಲಿದ್ದದ್ದು ಇನ್ನೊಬ್ಬರಿಗೆ ತಿಳಿಯುವ ಟೆಲಿಪತಿಯನ್ನು ಲ್ಯಾಬಿಗೆ ತಂದ ಜೆ.ಬಿ. ರೈನ್ ಅವರ ಸಂಸ್ಥೆಯಲ್ಲಿ ಸ್ವಲ್ಪ ಕಾಲ, ಆಮೇಲೆ ಪುನರ್ಜನ್ಮದ ಕೇಸುಗಳನ್ನು ಹುಡುಕಿ ಹುಡುಕಿ ದಾಖಲಿಸಿದ ಇಯಾನ್ ಸ್ಟೀವನ್‌ಸನ್ ಇದ್ದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ಕಾಲ.

ಪಿಎಚ್‌ಡಿಯೂ ದೆವ್ವ-ಭೂತದ ಮೇಲೇನಾ?

ಇಲ್ಲ, ಬೆರಳಿನ ಮೇಲೆ! ಮನಸ್ಸು ಕಲಕಿದಾಗ ಬೆರಳಿನ ರಕ್ತನಾಳ ಹಿಗ್ಗಿ ಕುಗ್ಗುತ್ತದೆ, ಅದನ್ನು ಅಳೆಯುವ ಯಂತ್ರವಿದೆ. ಒಬ್ಬರ ಬೆರಳಿಗೆ ಅದನ್ನು ಹಾಕಿ, ಇನ್ನೊಬ್ಬರು ಬೇರೆ ಕಡೆ ಕೂತು ಅವರ ಆಪ್ತರ ಹೆಸರನ್ನೋ ಗೊತ್ತಿಲ್ಲದವರ ಹೆಸರನ್ನೋ ಮನಸ್ಸಿನಲ್ಲಿ ನೆನೆದರೆ ಇಲ್ಲಿ ಮುಳ್ಳು ಅಲುಗಾಡುತ್ತದಾ ಅಂತ ನೋಡುವುದು. ಪ್ಯಾರಾಸೈಕಾಲಜಿಯಲ್ಲಿ, ಅಂದ್ರೆ ಅತೀಂದ್ರಿಯ ಅನುಭವಗಳ ಅಧ್ಯಯನದಲ್ಲಿ, ಇಂಥ ಲ್ಯಾಬ್ ಕೆಲಸ ಬೇಕಾದಷ್ಟಿದೆ. ಹರಾಲ್ಡ್‌ಸನ್ ಹೆಸರು ಮಾಡಿದ್ದು ಇದರಿಂದಲ್ಲ, ಊರೂರು ಸುತ್ತಿದ್ದರಿಂದ.

ಸಾಯುವ ಹೊತ್ತಿನಲ್ಲಿ ಜನ ಏನು ಕಾಣುತ್ತಾರೆ ಅಂತ ಅಧ್ಯಯನ ಮಾಡಿದ್ದು ಇವರೇನಾ?

ಹೌದು, ಕಾರ್ಲಿಸ್ ಓಸಿಸ್ ಅನ್ನುವ ಇನ್ನೊಬ್ಬ ಮನಃಶಾಸ್ತ್ರಜ್ಞರ ಜೊತೆ ಸೇರಿ. ಓಸಿಸ್ ಆಗ ನ್ಯೂಯಾರ್ಕಿನ ಅಮೆರಿಕನ್ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್‌ನಲ್ಲಿದ್ದರು. ಸಾಯುವವರನ್ನೇ ಕೇಳುವುದು ಆಗದ ಮಾತು. ಅದಕ್ಕೆ ಅವರ ಹಾಸಿಗೆ ಪಕ್ಕದಲ್ಲಿದ್ದ ಡಾಕ್ಟರು, ನರ್ಸುಗಳನ್ನು ಕೇಳಿದರು. ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ಉತ್ತರ ಭಾರತದ ಆಸ್ಪತ್ರೆಗಳು. ಪುಸ್ತಕ 1977ರಲ್ಲಿ ಬಂತು, ಹಲವು ಭಾಷೆಗಳಿಗೆ ಹೋಯಿತು.

ಎರಡೂ ದೇಶಗಳಲ್ಲಿ ಒಂದು ವಿಷಯ ಒಂದೇ ಥರ ಇತ್ತು. ಸಾಯುವವರ ಕಣ್ಣಿಗೆ ಬಿದ್ದವರು ಬಹಳಷ್ಟು ಸಲ ‘ಕರೆದುಕೊಂಡು ಹೋಗಲು’ ಬಂದವರು. ಆದರೆ ಬಂದವರು ಯಾರು ಅನ್ನುವುದರಲ್ಲಿ ವ್ಯತ್ಯಾಸ. ಅಮೆರಿಕದವರಿಗೆ ಹೆಚ್ಚಾಗಿ ಸತ್ತ ಅಮ್ಮನೋ, ಹೆಂಡತಿಯೋ, ಬಂಧುಗಳೋ. ನಮ್ಮವರಿಗೆ ದೇವರು, ದೇವದೂತರು, ಕೆಲವರಿಗೆ ಸಾಕ್ಷಾತ್ ಯಮದೂತರು. ಅಲ್ಲಿನವರು ಬಹುಪಾಲು ಸಮಾಧಾನದಿಂದ ಹೊರಟರೆ, ನಮ್ಮಲ್ಲಿ ‘ನಾನೊಲ್ಲೆ, ಬರಲ್ಲ’ ಅಂತ ಕೂಗಿಕೊಂಡವರು ಜಾಸ್ತಿ. ಯಮನ ಕೋಣದ ಚಿತ್ರ ಕ್ಯಾಲೆಂಡರಿನಲ್ಲಿ ನೋಡುತ್ತಲೇ ಬೆಳೆದವರು ಇನ್ನೇನು ಮಾಡುತ್ತಾರೆ ಹೇಳಿ!

ಟೀಕೆಯೂ ಕಡಿಮೆ ಬರಲಿಲ್ಲ. ಜ್ವರ, ನೋವಿನ ಔಷಧಿ, ಮಿದುಳಿಗೆ ಆಮ್ಲಜನಕ ಕಡಿಮೆಯಾಗುವುದು – ಇವೆಲ್ಲ ಭ್ರಮೆ ತರುತ್ತವೆ. ಈ ಲೆಕ್ಕವನ್ನೂ ತಾವು ಹಾಕಿದ್ದೇವೆ, ಔಷಧಿಯ ಮಂಪರು ಇಲ್ಲದವರಿಗೂ ಇಂಥ ದರ್ಶನ ಆಗಿದೆ ಅಂತ ಇಬ್ಬರೂ ವಾದಿಸಿದರು. ಆದರೆ ಮಾಹಿತಿ ಸಿಕ್ಕಿದ್ದು ಡಾಕ್ಟರು, ನರ್ಸುಗಳ ನೆನಪಿನಿಂದ, ಅದೂ ಎಷ್ಟೋ ಸಲ ವರ್ಷಗಳಾದ ಮೇಲೆ. ವಿಚಿತ್ರವಾದದ್ದು ನೆನಪಿನಲ್ಲಿ ಉಳಿಯುತ್ತದೆ, ಸುಮ್ನೆ ಕಣ್ಣು ಮುಚ್ಚಿದವರು ಮರೆತುಹೋಗುತ್ತಾರೆ. ಈ ದೋಷಕ್ಕೆ ಅವರ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ.

‘ಹೆಸರು ತಪ್ಪಾಗಿ ಯಮದೂತರು ವಾಪಸ್ ಕಳಿಸಿದರು’ ಅನ್ನುವ ಕಥೆ ಇವರದ್ದಾ?

ಅಂಥ ಕಥೆಗಳು ಇವರ ಸಂಗ್ರಹದಲ್ಲೂ ಇವೆ. ಆದರೆ ಹೆಚ್ಚು ವಿವರ ಸಿಗುವುದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನಃಶಾಸ್ತ್ರಜ್ಞೆ ಸತ್ವಂತ್ ಪಸ್ರಿಚಾ ಅವರ ಕೆಲಸದಲ್ಲಿ. ಸತ್ತು ಬದುಕಿ ಬಂದೆ ಅನ್ನುವ ಭಾರತೀಯರ ಬಗ್ಗೆ ಅವರು ಸ್ಟೀವನ್‌ಸನ್ ಜೊತೆ 1986ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅದರಲ್ಲಿ ಉತ್ತರ ಭಾರತದ ಒಬ್ಬ ಬನಿಯಾ (ವ್ಯಾಪಾರಿ ಜಾತಿಯವ) ಹೇಳಿದ್ದು ಹೀಗೆ: ದೂತರು ಅವನನ್ನು ಎಳೆದುಕೊಂಡು ಹೋದರು. ಅಲ್ಲಿ ಪುಸ್ತಕ ತೆರೆದು ನೋಡಿದ ಗುಮಾಸ್ತ, ‘ಈ ಬನಿಯಾ ಯಾಕೆ? ನಾವು ಕೇಳಿದ್ದು ಇದೇ ಹೆಸರಿನ ಕುಂಬಾರನನ್ನು’ ಅಂತ ಬೈದು ವಾಪಸ್ ಕಳಿಸಿದ.

ಪಾಶ್ಚಾತ್ಯರು ಸುರಂಗ, ಬೆಳಕು ಅನ್ನುತ್ತಾರೆ. ನಮ್ಮವರಿಗೆ ಸರ್ಕಾರಿ ಕಚೇರಿ ಕಾಣುತ್ತದೆ! ಪಸ್ರಿಚಾ ಆಮೇಲೆ ಚನ್ನಪಟ್ಟಣದ ಸುತ್ತಲಿನ ಹಳ್ಳಿಗಳಲ್ಲೂ ಮನೆ ಮನೆಗೆ ಹೋಗಿ ಇಂಥ ಅನುಭವಗಳ ಸಮೀಕ್ಷೆ ಮಾಡಿದರು. ಬೊಂಬೆಗೆ ಹೆಸರಾದ ಊರು ಸಾವಿನಾಚೆಯ ಸಂಶೋಧನೆಯಲ್ಲೂ ಹೀಗೆ ಹೆಸರು ಪಡೆದಿದೆ.

ಸಾಯಿಬಾಬಾ ಮುಂದೆ ಏನಾಯಿತು? ಆ ರುದ್ರಾಕ್ಷಿ ಕಥೆ ಹೇಳಿ.

ಎಲ್ಲರೂ ಕೇಳುವ ಪ್ರಶ್ನೆ ಇದು. ಹರಾಲ್ಡ್‌ಸನ್ ಬರೆದಿರುವ ಪ್ರಕಾರ ಹೇಳುತ್ತೇನೆ.

ಓಸಿಸ್ ಮತ್ತು ಹರಾಲ್ಡ್‌ಸನ್ ಬಾಬಾ ಎದುರು ಕೂತಿದ್ದಾರೆ. ನಡುವೆ ದುಭಾಷಿ. ದಿನನಿತ್ಯದ ಬದುಕು, ಅಧ್ಯಾತ್ಮ ಎರಡೂ ‘ಅವಳಿ ರುದ್ರಾಕ್ಷಿಯ ಹಾಗೆ’ ಕೂಡಿ ಬೆಳೆಯಬೇಕು ಅಂದರು ಬಾಬಾ. ಹಾಗಂದರೆ ಏನು ಅಂತ ಹರಾಲ್ಡ್‌ಸನ್ ಕೇಳಿದರು. ದುಭಾಷಿಗೆ ವಿವರಿಸಲು ಬರಲಿಲ್ಲ. ಇವರು ಬಿಡಲಿಲ್ಲ, ಮತ್ತೆ ಕೇಳಿದರು. ಬಾಬಾಗೆ ಸ್ವಲ್ಪ ಬೇಸರ ಬಂದಂತೆ ಕಂಡಿತು. ಮುಷ್ಟಿ ಕಟ್ಟಿ ಕೈ ಆಡಿಸಿ ತೆರೆದರು. ಅಂಗೈಯಲ್ಲಿ ಒಂದಕ್ಕೊಂದು ಅಂಟಿ ಬೆಳೆದ ಎರಡು ರುದ್ರಾಕ್ಷಿ! ನಮ್ಮಲ್ಲಿ ಪೂಜಾ ಸಾಮಾನಿನ ಅಂಗಡಿಯವರು ಗೌರಿಶಂಕರ ಅಂತಾರಲ್ಲ, ಅದೇ. ಎಲ್ಲರೂ ನೋಡಿದ ಮೇಲೆ ಬಾಬಾ ಅದನ್ನು ವಾಪಸ್ ತೆಗೆದುಕೊಂಡು ಎರಡೂ ಕೈಗಳ ನಡುವೆ ಮುಚ್ಚಿ ಊದಿದರು. ತೆರೆದರೆ ಅದೇ ರುದ್ರಾಕ್ಷಿಗೆ ಮೇಲೂ ಕೆಳಗೂ ಚಿನ್ನದ ಕಟ್ಟು, ಪುಟ್ಟ ಸರಪಳಿ, ಮೇಲೆ ಕೆಂಪು ಹರಳಿನ ಶಿಲುಬೆ. ಅದನ್ನು ಹರಾಲ್ಡ್‌ಸನ್‌ಗೇ ಕೊಟ್ಟರು.

ಇನ್ನೊಂದು ಓಸಿಸ್ ಉಂಗುರದ್ದು. ಬಾಬಾ ಅವರಿಗೆ ತಮ್ಮ ಚಿತ್ರವಿದ್ದ ಚಿನ್ನದ ಉಂಗುರ ಕೊಟ್ಟಿದ್ದರು. ಮುಂದಿನ ಒಂದು ಭೇಟಿಯಲ್ಲಿ ಇವರು ‘ನಿಯಂತ್ರಿತ ಪ್ರಯೋಗಕ್ಕೆ ಒಪ್ಪಿಕೊಳ್ಳಿ’ ಅಂತ ದುಂಬಾಲು ಬಿದ್ದಿದ್ದಾಗ, ಓಸಿಸ್ ಬೆರಳಿನ ಉಂಗುರದಿಂದ ಆ ಚಿತ್ರದ ಹರಳು ಮಾಯ. ಉಂಗುರ ಮುರಿದಿಲ್ಲ, ಅದನ್ನು ಹಿಡಿದಿದ್ದ ಕಚ್ಚುಗಳೂ ನೆಟ್ಟಗಿವೆ. ನೆಲವೆಲ್ಲ ಹುಡುಕಿದರೂ ಸಿಗಲಿಲ್ಲ. ‘ಇದೇ ನನ್ನ ಪ್ರಯೋಗ’ ಅಂತ ಬಾಬಾ ತಮಾಷೆ ಮಾಡಿದರಂತೆ.

ಹಾಗಾದ್ರೆ ಬಾಬಾ ಪವಾಡ ನಿಜ ಅಂತ ಇವರು ಒಪ್ಪಿಕೊಂಡರಾ?

ಒಪ್ಪಿಕೊಂಡೂ ಇಲ್ಲ, ತಳ್ಳಿಹಾಕಿಯೂ ಇಲ್ಲ. ಭಕ್ತರಿಗೂ ವಿಚಾರವಾದಿಗಳಿಗೂ ಅವರ ಮೇಲೆ ಅರ್ಧ ಸಿಟ್ಟು ಇದಕ್ಕೇ. 1987ರಲ್ಲಿ ಬಂದ ಅವರ ಪುಸ್ತಕದಲ್ಲಿ ಭಕ್ತರ ಜೊತೆಗೆ ಬಾಬಾರಿಂದ ದೂರವಾದ ಹಳೆಯ ಒಡನಾಡಿಗಳ ಮಾತೂ ಇದೆ. ಚಿಕ್ಕ ವಯಸ್ಸಿನ ಬಾಬಾ ಜೊತೆ ಒಂದೇ ಕೋಣೆಯಲ್ಲಿ ಮಲಗಿ ಎದ್ದವರು ಅವರು. ಅಂಥವರೇ ‘ನಂಬಿಕೆ ಹೋಯಿತು, ಆದರೆ ಕೈಚಳಕ ಮಾತ್ರ ನಮ್ಮ ಕಣ್ಣಿಗೆ ಬೀಳಲಿಲ್ಲ’ ಅಂದಿದ್ದು ಹರಾಲ್ಡ್‌ಸನ್‌ಗೆ ದೊಡ್ಡ ವಿಷಯವಾಗಿ ಕಂಡಿತು.

ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಒಳ್ಳೆಯ ಜಾದೂಗಾರನ ಗುಟ್ಟು ಪಕ್ಕದಲ್ಲಿದ್ದವರಿಗೂ ಗೊತ್ತಾಗದಿರಬಹುದು. ಮಾತನ್ನು ತನಗೆ ಬೇಕಾದ ವಸ್ತುವಿನ ಕಡೆಗೆ ತಿರುಗಿಸುವುದು ಜಾದೂ ಕಲೆಯ ಮೊದಲ ಪಾಠ. ರುದ್ರಾಕ್ಷಿಯ ಮಾತು ತೆಗೆದವರು ಬಾಬಾ ತಾನೇ? ಕೇಳುವ ಪ್ರಶ್ನೆ ಹರಾಲ್ಡ್‌ಸನ್‌ರದ್ದೇ ಆದರೂ, ಆ ಪ್ರಶ್ನೆ ಹುಟ್ಟಲು ಜಾಗ ಮಾಡಿಕೊಟ್ಟವರು ಬಾಬಾ ಅವರೇ. ಉಂಗುರದ ಹರಳಿನ ವಿಷಯ ಬೇರೆ, ಅದಕ್ಕೆ ಇಷ್ಟು ಸುಲಭದ ವಿವರಣೆ ನನಗೆ ಹೊಳೆದಿಲ್ಲ. ಪ್ರಯೋಗಕ್ಕಂತೂ ಬಾಬಾ ಕೊನೆಯವರೆಗೂ ಒಪ್ಪಲಿಲ್ಲ, ಹಾಗಾಗಿ ಹರಾಲ್ಡ್‌ಸನ್ ಕೈಯಲ್ಲಿ ಉಳಿದದ್ದು ಸಾಕ್ಷಿಗಳ ಮಾತು ಮಾತ್ರ.

ನಮ್ಮ ಎಚ್‌. ನರಸಿಂಹಯ್ಯನವರು ಸವಾಲು ಹಾಕಿದ್ದೂ ಆಗಲೇ ಅಲ್ವಾ?

ಅದೇ ಕಾಲ. ಭೌತಶಾಸ್ತ್ರಜ್ಞ, ನ್ಯಾಷನಲ್ ಕಾಲೇಜಿನ ಮೇಷ್ಟ್ರು ಎಚ್ಚೆನ್ ಆಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ಬಾಬಾಗೆ ಪತ್ರಗಳನ್ನು ಬರೆದರು, ಉತ್ತರ ಬರಲಿಲ್ಲ. ಉಂಗುರ, ಸರ, ವಿಭೂತಿ ಯಾಕೆ, ಒಂದು ಕುಂಬಳಕಾಯಿ ಸೃಷ್ಟಿಸಲಿ ನೋಡೋಣ ಅನ್ನುವ ಅವರ ಸವಾಲು ಇವತ್ತಿಗೂ ಜನರ ಬಾಯಲ್ಲಿದೆ. ತೋಳಿನಲ್ಲಿ ಬಚ್ಚಿಡಲು ಆಗಬಾರದು ಅನ್ನುವುದೇ ಅದರ ಮರ್ಮ! ಪಾಂಡವಪುರದಲ್ಲಿ ವಿಭೂತಿ ಬರಿಸುತ್ತಿದ್ದ ಒಬ್ಬ ಪುಟ್ಟ ಹುಡುಗನ ಬಳಿಗೂ ಸಮಿತಿ ಹೋಗಿತ್ತು. ವಿಭೂತಿ ಅವನ ಬಟ್ಟೆಯೊಳಗೇ ಇತ್ತು.

ಅದೇ ಕುಲಪತಿ ಕುರ್ಚಿಯಲ್ಲಿ 1960ರ ದಶಕದ ಕೊನೆಯಲ್ಲಿ ಕೂತಿದ್ದವರು ಕವಿ ವಿ.ಕೃ. ಗೋಕಾಕರು. ಅವರು ಬಾಬಾ ಭಕ್ತರು, ಮುಂದೆ ಪುಟ್ಟಪರ್ತಿಯ ವಿಶ್ವವಿದ್ಯಾಲಯದ ಮೊದಲ ಕುಲಪತಿಯೂ ಆದರು. ಒಂದೇ ಕುರ್ಚಿ, ಎರಡು ದಿಕ್ಕು.

ಎಚ್ಚೆನ್ ಬಹಿರಂಗವಾಗಿ ಸವಾಲು ಹಾಕಿದರು. ಹರಾಲ್ಡ್‌ಸನ್ ಆಶ್ರಮದೊಳಗೆ ಕೂತು ವಿನಯದಿಂದ ಬೇಡಿಕೊಂಡರು. ಇಬ್ಬರಿಗೂ ಪ್ರಯೋಗ ಸಿಗಲಿಲ್ಲ. ‘ಎಚ್ಚೆನ್ ದಬಾಯಿಸಿದ್ದಕ್ಕೇ ಬಾಬಾ ಒಪ್ಪಲಿಲ್ಲ’ ಅಂತ ಹೇಳುವವರು ಇದನ್ನು ಮರೆಯಬಾರದು.

ದೂರದರ್ಶನದ ವಿಡಿಯೋದಲ್ಲಿ ಬಾಬಾ ಸಿಕ್ಕಿಬಿದ್ದರು ಅಂತಾರೆ, ಅದನ್ನೂ ಇವರು ನೋಡಿದ್ದರಾ?

ನೋಡಿದ್ದರು. 1992ರಲ್ಲಿ ಹೈದರಾಬಾದಿನ ಒಂದು ಸಮಾರಂಭದಲ್ಲಿ ಬಾಬಾ ಚಿನ್ನದ ಸರ ಬರಿಸಿದ ದೃಶ್ಯ ಅದು. ಸಹಾಯಕ ಸ್ಮರಣಿಕೆ ದಾಟಿಸುವಾಗಲೇ ಅದರ ಅಡಿಯಲ್ಲಿ ಸರವೂ ಕೈ ಬದಲಾಯಿತು ಅಂತ ಪತ್ರಿಕೆಯಲ್ಲಿ ಬಂತು. ಹರಾಲ್ಡ್‌ಸನ್ ಇದನ್ನು ಬ್ರಿಟನ್ನಿನ ಮನಃಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ಜೊತೆ ಕೂತು ಪರಿಶೀಲಿಸಿದರು. ವೈಸ್‌ಮನ್ ಮೊದಲು ಜಾದೂಗಾರರಾಗಿದ್ದವರು, ಅಂದ್ರೆ ಸರಿಯಾದ ಆಸಾಮಿ. ಟೇಪು ಅಷ್ಟು ಸ್ಪಷ್ಟವಾಗಿಲ್ಲ, ಅನುಮಾನಕ್ಕೆ ಜಾಗವಿದೆ, ಆದರೆ ಖಚಿತವಾಗಿ ಹೀಗೇ ಅಂತ ಹೇಳಲು ಆಗದು ಅಂತ 1995ರಲ್ಲಿ ಬರೆದರು.

ಇದೇ ಜೋಡಿ ತಮಿಳುನಾಡಿನ ಇನ್ನೊಬ್ಬ ಸ್ವಾಮಿಯನ್ನೂ ಪರೀಕ್ಷಿಸಿತು. ಸುಮ್ನೆ ಮಾತಾಡುವಾಗ ಅವರ ಕೈಯಲ್ಲಿ ವಿಭೂತಿ ಬರುತ್ತಿತ್ತು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿದಾಗ ಏನೂ ಬರಲಿಲ್ಲ. ಬಾಬಾ ಮೇಲೆ ಬರೆದ ಇಡೀ ಪುಸ್ತಕಕ್ಕಿಂತ ಈ ಒಂದು ಪ್ಲಾಸ್ಟಿಕ್ ಚೀಲದ ತೂಕ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಪುನರ್ಜನ್ಮದ ಮಕ್ಕಳ ಬಗ್ಗೆ ಇವರು ಕಂಡುಕೊಂಡದ್ದೇನು?

ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೆಲಸ ಇದೇ. 1980ರ ದಶಕದ ಕೊನೆಯಿಂದ ಶ್ರೀಲಂಕಾದಲ್ಲಿ, ಆಮೇಲೆ ಲೆಬನಾನಿನ ದ್ರೂಜ್ ಅನ್ನುವ ಧಾರ್ಮಿಕ ಪಂಗಡದ ಜನರ ನಡುವೆ ಮಾಡಿದ್ದು. ಅಲ್ಲಿ ಬೌದ್ಧರು, ಇಲ್ಲಿ ದ್ರೂಜರು, ಇಬ್ಬರೂ ಪುನರ್ಜನ್ಮ ನಂಬುವವರು.

ಅದುವರೆಗಿನ ಸಂಶೋಧಕರು ಮಗು ಹೇಳಿದ್ದು ನಿಜವೋ ಸುಳ್ಳೋ ಅಂತ ಪತ್ತೆ ಹಚ್ಚುವುದರಲ್ಲೇ ಇದ್ದರು. ಹರಾಲ್ಡ್‌ಸನ್ ಆ ಮಗು ಎಂಥದ್ದು ಅಂತ ಕೇಳಿದರು. ಅದೇ ವಯಸ್ಸಿನ, ಅದೇ ಊರಿನ ಬೇರೆ ಮಕ್ಕಳನ್ನು ಜೊತೆಗಿಟ್ಟು ಪರೀಕ್ಷೆಗಳನ್ನು ಕೊಟ್ಟರು. ಬೇರೆಯವರು ಹೇಳಿದ್ದಕ್ಕೆಲ್ಲ ಹೂಂ ಅನ್ನುವ ಮಕ್ಕಳಾ? ಅಲ್ಲ, ಆ ವಿಷಯದಲ್ಲಿ ಉಳಿದವರಂತೆಯೇ ಇದ್ದರು. ದಡ್ಡರಾ? ಶ್ರೀಲಂಕಾದ ಮಕ್ಕಳು ಶಾಲೆಯಲ್ಲಿ ಮುಂದು, ಅವರಿಗೆ ಪದಗಳೂ ಜಾಸ್ತಿ ಗೊತ್ತಿದ್ದವು. ಮನೆಯಲ್ಲಿ ಮಾತ್ರ ಹಠಮಾರಿಗಳು, ವಾದ ಮಾಡುವವರು ಅಂತ ಅಪ್ಪ-ಅಮ್ಮ ದೂರಿದರು. ಲೆಬನಾನಿನ ಮಕ್ಕಳು ಹಗಲುಗನಸು ಕಾಣುವುದು ಜಾಸ್ತಿ, ಎಲ್ಲರೂ ತಮ್ಮನ್ನೇ ಗಮನಿಸಬೇಕು ಅನ್ನುವ ಆಸೆಯೂ ಜಾಸ್ತಿ.

ಇನ್ನೊಂದು ಮುಖ್ಯ ಸಂಗತಿ. ಈ ಮಕ್ಕಳಲ್ಲಿ ಬಹಳಷ್ಟು ಜನ ಹೇಳುವುದು ಕೊಲೆ, ಅಪಘಾತ, ಯುದ್ಧದ ಸಾವನ್ನು. ದೊಡ್ಡ ಆಘಾತಕ್ಕೆ ಸಿಕ್ಕಿದವರಲ್ಲಿ ಕಾಣುವ ಭಯ, ಬೆಚ್ಚಿಬೀಳುವುದು ಇವರಲ್ಲೂ ಕಂಡಿತು. ಆ ನೆನಪು ಎಲ್ಲಿಂದಲೇ ಬಂದಿರಲಿ, ಸಂಕಟವಂತೂ ಮಗುವಿನದ್ದೇ ಅಲ್ವಾ?

ಒಂದು ಕೇಸ್ ವಿವರವಾಗಿ ಹೇಳ್ತೀರಾ?

ಶ್ರೀಲಂಕಾದ ಒಬ್ಬಳು ಹುಡುಗಿಯದ್ದು. ಹಿಂದಿನ ಜನ್ಮದಲ್ಲಿ ತಾನು ಗಂಡಸು, ಊದುಬತ್ತಿ ಮಾಡುತ್ತಿದ್ದೆ, ಸೈಕಲ್ ಮೇಲೆ ಮಾರಲು ಹೋಗುವಾಗ ದೊಡ್ಡ ವಾಹನ ಹರಿದು ಸತ್ತೆ ಅನ್ನುತ್ತಿದ್ದಳು. ಎರಡು ಊದುಬತ್ತಿ ಬ್ರಾಂಡಿನ ಹೆಸರೂ ಹೇಳಿದಳು: ಅಂಬಿಗ, ಗೆಟ ಪಿಚ್ಚ. ಕೊಲಂಬೊ ಹತ್ತಿರದ ಕೆಲನಿಯ ದೇವಸ್ಥಾನಕ್ಕೆ ಹೋದಾಗ, ನದಿಯ ಆಚೆ ದಡದಲ್ಲೇ ನನ್ನ ಮನೆ ಅಂದಳು. ಹುಡುಕಿದರೆ ಆ ಬ್ರಾಂಡುಗಳನ್ನು ಮಾಡುವ ಕುಟುಂಬ ಅಲ್ಲಿತ್ತು. ಅದರಲ್ಲಿ ಒಬ್ಬರು ಬಸ್ ಅಪಘಾತದಲ್ಲಿ ಸತ್ತಿದ್ದರು, ಅದೂ ಅವಳು ಹುಟ್ಟುವ ಎರಡು ವರ್ಷ ಮುಂಚೆ. ಅವಳ ಎದೆಯ ಎಡಗಡೆ ಹುಟ್ಟುಮಚ್ಚೆಗಳು. ಹರಾಲ್ಡ್‌ಸನ್ ಮರಣೋತ್ತರ ಪರೀಕ್ಷೆಯ ವರದಿ ತರಿಸಿ ನೋಡಿದರು. ಪಕ್ಕೆಲುಬು ಮುರಿದದ್ದೂ ಎಡಗಡೆಯೇ.

ಮೈಸೂರಿನವರು ಕೇಳಿದರೆ, ಊದುಬತ್ತಿ ಪ್ಯಾಕೆಟ್ ಯಾವ ಅಂಗಡಿಗೆ ತಾನೇ ಹೋಗುವುದಿಲ್ಲ, ಹೆಸರು ನೋಡಿರಬಹುದು ಅನ್ನುತ್ತಾರೆ. ನ್ಯಾಯವಾದ ಮಾತು. ಹರಾಲ್ಡ್‌ಸನ್ ಬರುವ ಹೊತ್ತಿಗೆ ಎರಡೂ ಮನೆಯವರು ಭೇಟಿಯಾಗಿಬಿಟ್ಟಿದ್ದರು ಅನ್ನುವುದು ಇನ್ನೂ ದೊಡ್ಡ ಕೊರತೆ. ಭೇಟಿಯಾದ ಮೇಲೆ ಎರಡು ಕಥೆಗಳು ಒಂದಕ್ಕೊಂದು ಬೆರೆತುಹೋಗುತ್ತವೆ. ಹುಡುಗಿ ಹೇಳಿದ್ದೆಲ್ಲವೂ ಹೊಂದಲಿಲ್ಲ, ಕೆಲವು ತಪ್ಪಿದವು. ತಪ್ಪಿದ್ದನ್ನೂ ಅವರು ಪಟ್ಟಿಯಲ್ಲಿ ಬರೆದಿಟ್ಟಿದ್ದಾರೆ.

ಸ್ವಂತ ದೇಶದಲ್ಲಿ ಏನೂ ಮಾಡಲಿಲ್ಲವಾ?

ಮಾಡಿದರು. 1970ರ ದಶಕದ ಮಧ್ಯದಲ್ಲಿ ಐಸ್‌ಲ್ಯಾಂಡಿನವರ ಸಮೀಕ್ಷೆ ನಡೆಸಿದಾಗ ಸುಮಾರು ಮೂರರಲ್ಲಿ ಒಬ್ಬರು, ಸತ್ತವರು ಹತ್ತಿರ ಬಂದ ಅನುಭವ ಆಗಿದೆ ಅಂದರು. ಯೂರೋಪಿನ ಲೆಕ್ಕದಲ್ಲಿ ಇದು ಬಹಳ ಹೆಚ್ಚು.

ಇಂದ್ರಿದಿ ಇಂದ್ರಿದಾಸನ್ ಅನ್ನುವ ಹಳೆಯ ಮಾಧ್ಯಮದವನ ದಾಖಲೆಗಳನ್ನೂ ಕೆದಕಿದರು. ಮಾಧ್ಯಮ ಅಂದ್ರೆ ಸತ್ತವರು ಮೈಮೇಲೆ ಬಂದು ಮಾತಾಡಿಸುವವನು. 1905ರ ನವೆಂಬರ್ 24ರ ಸಂಜೆ ರೇಕ್ಯಾವಿಕ್‌ನಲ್ಲಿ ಅವನ ಬಾಯಲ್ಲಿ ‘ಯೆನ್ಸನ್’ ಅನ್ನುವವನು ಬಂದು, ಕೋಪನ್‌ಹೇಗನ್ನಿನಲ್ಲಿ ಈಗ ಬೆಂಕಿ ಬಿದ್ದಿದೆ ಅಂದ. ಬೆಂಕಿ ಆ ರಾತ್ರಿ ನಿಜಕ್ಕೂ ಬಿದ್ದಿತ್ತು. ನೂರು ವರ್ಷದ ಮೇಲೆ ಹರಾಲ್ಡ್‌ಸನ್ ಹಳೆಯ ನಡಾವಳಿ ಪುಸ್ತಕ, ಡೆನ್ಮಾರ್ಕಿನ ದಾಖಲೆ ಎಲ್ಲ ಹುಡುಕಿ, ಎಮಿಲ್ ಯೆನ್ಸನ್ ಅನ್ನುವ ಕಾಫಿ ತಯಾರಕ ಅದೇ ಬೀದಿಯಲ್ಲಿ, ಬೆಂಕಿ ಬಿದ್ದ ಜಾಗದ ಹತ್ತಿರದಲ್ಲೇ ಇದ್ದ ಅಂತ ಪತ್ತೆ ಮಾಡಿದರು. ಆಗ ಅವರಿಗೆ ಎಪ್ಪತ್ತೈದು ದಾಟಿತ್ತು.

ಅವರು ಸ್ವತಃ ನಂಬುತ್ತಿದ್ದರಾ?

ವಯಸ್ಸಾದಂತೆ, ಸಾವಿನ ನಂತರ ಏನೋ ಉಳಿಯುತ್ತದೆ ಅನ್ನುವ ಕಡೆಗೇ ವಾಲಿದರು. ಅದನ್ನು ಮುಚ್ಚಿಡಲೂ ಇಲ್ಲ. ವಿಜ್ಞಾನಿಗಳಲ್ಲಿ ಹೆಚ್ಚಿನವರು ಇದನ್ನು ಒಪ್ಪುವುದಿಲ್ಲ. ಈ ಕೇಸುಗಳಲ್ಲಿ ನೆನಪಿನ ಆಟ, ಕಾಕತಾಳೀಯ, ಆ ಸಮಾಜದ ನಂಬಿಕೆ – ಇಷ್ಟನ್ನು ಕಳೆದರೆ ಉಳಿಯುವುದು ಕಡಿಮೆ ಅನ್ನುತ್ತಾರೆ. ನಾನೂ ಸುಮಾರಾಗಿ ಅವರ ಪಕ್ಷವೇ. ಆದರೆ ಹರಾಲ್ಡ್‌ಸನ್ ಬರಹ ಓದಿದರೆ ಯಾವ ಕೊರತೆ ಎಲ್ಲಿದೆ ಅಂತ ಅವರ ಪುಟಗಳಲ್ಲೇ ಸಿಗುತ್ತದೆ. ಮೇಲೆ ನಾನು ಎತ್ತಿದ ಆಕ್ಷೇಪಗಳಲ್ಲಿ ಹಲವಕ್ಕೆ ಬೇಕಾದ ವಿವರವನ್ನು ಅವರೇ ಬರೆದಿಟ್ಟಿದ್ದಾರೆ. ಈ ವಿಷಯದ ಮೇಲೆ ಬರೆಯುವವರಲ್ಲಿ ಅದು ಅಪರೂಪ.

ನಮ್ಮನೆ ಮಗು ‘ನನ್ನ ಹಳೇ ಮನೆ, ಹಳೇ ಅಮ್ಮ’ ಅಂತಿದೆ. ಏನು ಮಾಡಲಿ?

ಗಾಬರಿ ಬೇಡ. ಇಂಥ ಮಾತು ಸಾಮಾನ್ಯವಾಗಿ ಎರಡು-ಮೂರು ವರ್ಷಕ್ಕೆ ಶುರುವಾಗಿ, ಶಾಲೆಗೆ ಸೇರಿದ ಮೇಲೆ ತಾನಾಗಿ ಕಡಿಮೆಯಾಗುತ್ತದೆ. ಬೈಯಬೇಡಿ, ಬಾಯಿಗೆ ಮೆಣಸಿನಕಾಯಿ ಇಡುವಂಥ ಕೆಲಸ ಬೇಡವೇ ಬೇಡ. ಹುರಿದುಂಬಿಸಲೂ ಬೇಡಿ. ‘ನಿನ್ನ ಹೆಸರು ರಾಜು ಅಲ್ವಾ? ಮೈಸೂರು ಅಲ್ವಾ?’ ಅಂತ ನೀವೇ ಉತ್ತರ ತುರುಕಿದರೆ ಮಗು ಅದನ್ನೇ ಹೇಳುತ್ತದೆ. ಹೇಳಿದ್ದನ್ನು ಕೇಳಿಸಿಕೊಂಡು, ಕುತೂಹಲವಿದ್ದರೆ ಅದರದ್ದೇ ಮಾತಿನಲ್ಲಿ ತಾರೀಖು ಹಾಕಿ ಬರೆದಿಡಿ. ಊರು ಹುಡುಕಿಕೊಂಡು ಹೊರಡಬೇಡಿ, ವಿಡಿಯೋ ಮಾಡಿ ಎಲ್ಲರಿಗೂ ಕಳಿಸಬೇಡಿ. ಟಿವಿಯವರು ಬಾಗಿಲಿಗೆ ಬಂದರೆ ಮಗುವಿನ ನೆಮ್ಮದಿ ಹೋಯಿತು ಅಂತಲೇ ಲೆಕ್ಕ.

ರಾತ್ರಿ ಬೆಚ್ಚಿಬೀಳುವುದು, ವಾಹನ, ನೀರು ಕಂಡರೆ ವಿಪರೀತ ಹೆದರುವುದು, ಈ ಅಪ್ಪ-ಅಮ್ಮ ಬೇಡ ಅಂತ ದಿನವೂ ಅಳುವುದು ಇದ್ದರೆ ಮಕ್ಕಳ ಮನಃಶಾಸ್ತ್ರಜ್ಞರಿಗೆ ತೋರಿಸಿ. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಬೇರೆ ವಿಭಾಗವಿದೆ. ದೂರದ ಊರಿನವರಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.